ಎರಡು ಅಡುಗೆಮನೆಯ ಊರು

ನಿವೃತ್ತಿಯಾದ ಮೇಲೆ ಹೊರದೇಶದ ಒಂದೇ ಊರಲ್ಲಿ ಮನೆ ಮಾಡಿ ಮೂರು ತಿಂಗಳು ಇದ್ದು ಬರಬೇಕು ಎಂದು ನಾನು ಮತ್ತು ನನ್ನ ಗೆಳತಿ ತೀರ್ಮಾನಿಸಿದ್ದು ಒಂದು ಟೂರಿಸ್ಟ್ ಬಸ್ಸಿನೊಳಗೆ, ಹಿಂದಿನ ಸೀಟಿನಲ್ಲಿ ಯಾರೋ ಮಾಡಿಕೊಂಡಿದ್ದ ವಾಂತಿಯ ವಾಸನೆಯ ನಡುವೆ.

ನಾನು ಅರಸೀಕೆರೆಯ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದೆ. ಅವರು ಅದೇ ಕಾಲೇಜಿನಲ್ಲಿ ಅರ್ಥಶಾಸ್ತ್ರ. ಸ್ಟಾಫ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ನಮ್ಮದು ಅಕ್ಕಪಕ್ಕದ ಕುರ್ಚಿ. ಅವರದು ತೆಂಗಿನ ತೋಟ, ಕೊಬ್ಬರಿ ಮಂಡಿ ಇದ್ದ ಮನೆತನ. ನನ್ನದು ಹಳೇಬೀಡಿನ ಕಡೆಯ ಒಂದು ಕೇರಿ. ಅಪ್ಪ ಹಳೇಬೀಡಿನ ದೇವಸ್ಥಾನದ ಸುತ್ತಲಿನ ಹುಲ್ಲುಹಾಸಿಗೆ ನೀರು ಬಿಡುವ, ಗಿಡ ಕತ್ತರಿಸುವ ಕೆಲಸದಲ್ಲಿದ್ದವರು. ನಾನು ಹೈಸ್ಕೂಲಿನಲ್ಲಿರುವಾಗ ಒಂದು ದಿನ ಬಿಳಿ ಬಟ್ಟೆ ಉಟ್ಟು, ಬುದ್ಧನ ಪಟವೊಂದನ್ನು ಎದೆಗವಚಿಕೊಂಡು ಮನೆಗೆ ಬಂದರು. ಅಂದಿನಿಂದ ನಾವು ಬೌದ್ಧರು. ಊರಿನವರ ಬಾಯಲ್ಲಿ ಮಾತ್ರ ನಮಗೆ ಹಳೆಯ ಹೆಸರೇ ಉಳಿಯಿತು.

ನಾನು ಮದುವೆಯಾಗಲಿಲ್ಲ. ಗೆಳತಿಗೆ ಗಂಡ ಇದ್ದಾರೆ, ಒಳ್ಳೆಯವರು, ಮಂಡಿಯ ಲೆಕ್ಕದಾಚೆಗೆ ತಲೆ ಎತ್ತದವರು. ಗೆಳತಿ ನನಗಿಂತ ಒಂದು ವರ್ಷ ದೊಡ್ಡವರು. ಅದಕ್ಕೆ ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ನೀವು ಎನ್ನುತ್ತಿದ್ದೆ. ಅವರು ನನ್ನನ್ನು ನೀನು, ಕಣೇ ಎನ್ನುತ್ತಿದ್ದರು. ಒಂದು ವರ್ಷದ ಅಂತರಕ್ಕೆ ಇಷ್ಟು ಮರ್ಯಾದೆ ಏಕೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಆ ಪ್ರವಾಸ ಸಿಂಗಾಪುರ, ಮಲೇಷ್ಯಾ ಎರಡನ್ನೂ ಒಂದೇ ವಾರದಲ್ಲಿ ಮುಗಿಸುವ ಪ್ಯಾಕೇಜು. ಕೈಯಲ್ಲಿ ಹಳದಿ ಬಾವುಟ ಹಿಡಿದ ಒಬ್ಬ ನಮ್ಮನ್ನು ದಿನಕ್ಕೆ ಹತ್ತು ಸಲ ಕುರಿ ಎಣಿಸಿದಂತೆ ಎಣಿಸುತ್ತಿದ್ದ. ಒಂದು ಬುದ್ಧ ದೇವಾಲಯಕ್ಕೆ ಹನ್ನೆರಡು ನಿಮಿಷ, ಚಾಕೊಲೇಟ್ ಅಂಗಡಿಗೆ ಒಂದೂವರೆ ಗಂಟೆ. ನಮ್ಮ ಗುಂಪಿನವರೆಲ್ಲ ಬಸ್ಸಿನಲ್ಲೇ ಚಟ್ನಿಪುಡಿಯ ಪೊಟ್ಟಣ ಬಿಚ್ಚಿ, ಎಣ್ಣೆ ಕೈಯನ್ನು ಪರದೆಗೆ ಒರೆಸುತ್ತಿದ್ದರು. ಮಲೇಷ್ಯಾದ ಪೆನಾಂಗಿನಲ್ಲಿ ಒಂದು ಮೀನು ಮಾರ್ಕೆಟ್ಟಿನ ಪಕ್ಕ ಬಸ್ಸು ನಿಂತಿತು. ಇಳಿದವರಲ್ಲಿ ಅರ್ಧ ಜನ ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಂಡು "ಥೂ, ಥೂ" ಎನ್ನುತ್ತಾ ಓಡಿದರು. ಒಬ್ಬಾಕೆಯಂತೂ ಅಂಗಡಿಯ ಎದುರಿಗೇ ಉಗಿದಳು. ಮೀನು ಸೀಳುತ್ತಿದ್ದ ಮುದುಕಿ ಚಾಕು ನಿಲ್ಲಿಸಿ ನಮ್ಮನ್ನೊಮ್ಮೆ ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ನಮ್ಮ ಕೇರಿಯ ಬಾಯಲ್ಲಿ ಕಾರು ನಿಲ್ಲಿಸಿ ಮೂಗು ಮುಚ್ಚಿಕೊಂಡವರನ್ನು ನನ್ನ ಅಮ್ಮ ಹಾಗೇ ನೋಡುತ್ತಿದ್ದಳು.

ಆ ಸಂಜೆ ನಾವಿಬ್ಬರೂ ಗುಂಪಿನಿಂದ ತಪ್ಪಿಸಿಕೊಂಡು ಬೀದಿ ಬದಿಯ ಊಟದ ಗಾಡಿಗಳ ಸಾಲಿಗೆ ಹೋದೆವು. ಒಬ್ಬ ಚೀನೀ ಮುದುಕ ಕೋಳಿ ಅನ್ನ ಮಾರುತ್ತಿದ್ದ. ಬೆವರನ್ನು ಹೆಗಲ ಮೇಲಿನ ಬಟ್ಟೆಗೆ ಒರೆಸಿ, ಅದೇ ಕೈಯಲ್ಲಿ ಕೋಳಿ ಕೊಚ್ಚಿ, ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದ ತಟ್ಟೆಗೆ ಹಾಕಿ ಕೊಟ್ಟ. ಡಾಕ್ಟರ ಮಾತಿಗೆ ನಾನು ಮಾಂಸ ಬಿಟ್ಟು ವರ್ಷಗಳಾಗಿದ್ದವು. ಸೊಪ್ಪಿನ ಪಲ್ಯದಂಥದ್ದೇನೋ ತಿಂದೆ. ಗೆಳತಿ ಬೆರಳು ನೆಕ್ಕಿಕೊಂಡು ಎರಡು ತಟ್ಟೆ ಉಂಡರು.

"ನೋಡೇ, ಇಲ್ಲಿ ನಾವ್ಯಾರು ಅಂತ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಎಷ್ಟು ಹಗುರ ಅನ್ನಿಸ್ತದೆ!" ಎಂದರು.

ಮರುದಿನ ಬಸ್ಸಿನಲ್ಲಿ ಆ ವಾಂತಿ, ಆ ಬಾವುಟದವನ ಸಿಡುಕು, ಮುಚ್ಚಿದ ಕಿಟಕಿ. ಇಬ್ಬರೂ ಏಕಕಾಲಕ್ಕೆ ಅದನ್ನೇ ಅಂದೆವು: ರಿಟೈರ್ ಆದ ಮೇಲೆ ಬರೋಣ, ಒಂದೇ ಊರು, ಒಂದು ಬಾಡಿಗೆ ಮನೆ, ನಾವೇ ಸಂತೆ ಮಾಡಿ ನಾವೇ ಬೇಯಿಸಿಕೊಂಡು ತಿನ್ನೋಣ. ಅಲ್ಲಿಂದ ಬೇಕಾದ ಕಡೆಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ಸಂಜೆಗೆ ಮನೆಗೆ ಬರೋಣ.

ಅವರು ನಿವೃತ್ತರಾಗಿ, ನನಗಾಗಿ ಒಂದು ವರ್ಷ ಕಾದರು. ನನ್ನ ಬೀಳ್ಕೊಡುಗೆಯ ಶಾಲು ಇನ್ನೂ ಮಡಿಕೆ ಬಿಟ್ಟಿರಲಿಲ್ಲ, ಅವರು ಫೋನು ಮಾಡಿ "ಭಾನುವಾರ ಬಾ, ಊರು ಆರಿಸೋಣ" ಎಂದರು. ಅಲ್ಲಿಂದಾಚೆಗೆ ಭಾನುವಾರ ಭಾನುವಾರ ಅವರ ಮನೆಯ ವರಾಂಡದಲ್ಲಿ ಕೂರುವುದು ರೂಢಿಯಾಯಿತು. ಒಂದು ನೋಟ್‌ಬುಕ್ಕು. ಅದರಲ್ಲಿ ಹವಾ, ಆಸ್ಪತ್ರೆ, ವೀಸಾ, ಭಾಷೆ, ನಡೆಯಲು ಫುಟ್‌ಪಾತು, ಹೀಗೆ ಗೆರೆ ಹಾಕಿದ ಕಾಲಂಗಳು. ಹಳೆಯ ಮೇಡಂಗಳಲ್ಲವೇ!

ನನ್ನ ಆಯ್ಕೆ ಮೊದಲ ವಾರವೇ ಖಚಿತವಾಗಿತ್ತು. ವಿಯೆಟ್ನಾಮಿನ ಸಮುದ್ರದ ದಡದಲ್ಲಿರುವ ದಾನಾಂಗ್. ಅಲ್ಲೊಂದು ವಸ್ತುಸಂಗ್ರಹಾಲಯವಿದೆ, ಒಂದು ಕಾಲಕ್ಕೆ ಆ ಸೀಮೆಯನ್ನಾಳಿದ ಚಂಪಾ ರಾಜ್ಯದ ಶಿವ, ವಿಷ್ಣು, ಬುದ್ಧರೆಲ್ಲ ಅಲ್ಲಿ ಮರಳುಗಲ್ಲಿನಲ್ಲಿದ್ದಾರೆ. ಆ ರಾಜ್ಯವನ್ನು ನಾನು ನಕ್ಷೆಯ ಮೇಲೆ ಕೋಲಿಟ್ಟು ತೋರಿಸುತ್ತಾ ಒಂದು ಆಯುಷ್ಯ ಕಳೆದಿದ್ದೆ. ನೋಡಿರಲಿಲ್ಲ.

ಗೆಳತಿ ಮೊಬೈಲಿನಲ್ಲಿ ಆ ಊರಿನ ಸಂತೆಯ ವಿಡಿಯೋ ಹಾಕಿಕೊಂಡು ನೋಡಿದರು. ಕಪ್ಪೆಯೋ ಏನೋ ಬುಟ್ಟಿಯಲ್ಲಿ ಮಿಸುಕುತ್ತಿತ್ತು. "ಅಯ್ಯಪ್ಪಾ, ಇದು ಬೇಡ ಕಣೇ, ಹೊಟ್ಟೆ ತೊಳಸ್ತದೆ" ಎಂದು ಫೋನನ್ನು ಬೋರಲು ಹಾಕಿದರು. ದಾನಾಂಗಿನ ಮೇಲೆ ಅಡ್ಡಗೆರೆ ಬಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ಟ್ರಾವೆಲ್ಸ್ ಒಂದಕ್ಕೂ ಹೋಗಿ ಬಂದೆವು. ಅದರ ಯಜಮಾನ ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು ಬಾಗಿಲ ಕಡೆ ಕತ್ತು ಚಾಚಿದ.

"ಜೊತೇಲಿ ಗಂಡಸ್ರು ಯಾರೂ ಬರಲ್ವಾ ಮೇಡಂ?"

"ಇಲ್ಲ."

"ಮೂರು ತಿಂಗ್ಳು? ಈ ವಯಸ್ಸಲ್ಲಿ? ಕಾಶಿ, ರಾಮೇಶ್ವರ ಮಾಡಿಸ್ಲಾ? ಚೆನ್ನಾಗಿ ಊಟ ಹಾಕ್ತೀವಿ." ನಾನು ಥಾಯ್ಲೆಂಡಿನ ಊರೊಂದರ ಹೆಸರು ಎತ್ತಿದ್ದೇ ತಡ, ಪಕ್ಕದ ಕುರ್ಚಿಯಲ್ಲಿದ್ದವನ ಕಡೆ ನೋಡಿ ಕಣ್ಣು ಮಿಟುಕಿಸಿದ. ಇಬ್ಬರೂ ಹಲ್ಲು ಕಿರಿದರು. ಎಲೆಯಡಿಕೆಯ ರಸ ಅವನ ತುಟಿಯ ಅಂಚಿಗೆ ಬಂದು ನಿಂತಿತ್ತು. ನಾನು ಎದ್ದೆ. ಬೀದಿಗೆ ಬಂದ ಮೇಲೂ ಮೈ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು. ಗೆಳತಿ ನನ್ನ ಕೈ ಹಿಡಿದು "ಹಾಳಾಗಿ ಹೋಗ್ಲಿ ಬಿಡು" ಎಂದರು. ಅವರ ಅಂಗೈ ಬಿಸಿಯಾಗಿತ್ತು. ಅಂಥ ಹೊತ್ತಿನಲ್ಲಿ ಅವರಷ್ಟು ಹತ್ತಿರದವರು ನನಗೆ ಯಾರೂ ಇರಲಿಲ್ಲ. ಇದನ್ನೂ ಬರೆಯಲೇಬೇಕು.

ಆಮೇಲೆ ನಾನು ಶ್ರೀಲಂಕಾದ ಕ್ಯಾಂಡಿಯನ್ನು ಮುಂದಿಟ್ಟೆ. ಬೆಟ್ಟ, ಕೆರೆ, ನಮ್ಮ ಹಾಸನದ ಕಡೆಯದೇ ಹವಾ, ಬುದ್ಧನ ಹಲ್ಲನ್ನಿಟ್ಟು ಪೂಜಿಸುವ ಊರು. ಬೇಲೂರಿನಲ್ಲಿರುವ ನನ್ನ ತಮ್ಮ "ಅಪ್ಪ ಇದ್ದಿದ್ರೆ ಕುಣಿದಾಡ್ತಿತ್ತು ಕಣಕ್ಕ" ಎಂದ. ಸಡಗರದಿಂದ ಆ ಊರಿನ ಬಗ್ಗೆ ಓದಲು ಕೂತೆ. ಓದುತ್ತಾ ಹೋದಂತೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಅಲ್ಲಿನ ಹಳೆಯ ಪಂಗಡವೊಂದರಲ್ಲಿ ಭಿಕ್ಷುವಾಗಬೇಕಾದರೂ ಮೇಲುಜಾತಿಯಲ್ಲೇ ಹುಟ್ಟಿರಬೇಕು. ಪುಸ್ತಕ ಮುಚ್ಚಿದೆ. ಇಷ್ಟು ವರ್ಷ ಮಕ್ಕಳ ಮುಂದೆ ನಿಂತು ಬುದ್ಧ ಜಾತಿಯನ್ನು ಒಪ್ಪಲಿಲ್ಲ ಎಂದು ಗಂಟಲು ಹರಿದುಕೊಂಡಿದ್ದೆ; ಕೂಗಳತೆಯ ದೂರದಲ್ಲಿ ಅವನ ಅಂಗಳದಲ್ಲೇ ಅದು ಕಾಲು ಚಾಚಿ ಕೂತಿರುವುದು ನನಗೆ ಗೊತ್ತಿರಲಿಲ್ಲ. ಊರಿನ ಮೇಲೆ ಹೇಸಿಗೆಯಾಯಿತೋ, ನನ್ನ ಅರೆಬರೆ ಓದಿನ ಮೇಲೆ ಹೇಸಿಗೆಯಾಯಿತೋ, ಹೇಳಲಾರೆ. ಕ್ಯಾಂಡಿಯನ್ನು ನಾನೇ ಹೊಡೆದು ಹಾಕಿದೆ. ಕಾರಣ ಕೇಳಿದ ಗೆಳತಿಗೆ "ಅಲ್ಲಿ ಮಳೆ ಜಾಸ್ತಿಯಂತೆ" ಎಂದೆ. ನಿಜ ಹೇಳಲು ನಾಲಿಗೆ ಏಳಲಿಲ್ಲ. ಜಾತಿ ಎಂಬ ಮಾತು ನಮ್ಮಿಬ್ಬರ ನಡುವೆ ಯಾವತ್ತೂ ಬಂದಿರಲಿಲ್ಲ. ಅದು ನಮ್ಮ ಸ್ನೇಹದ ದೊಡ್ಡತನ ಎಂದು ನಾನು ನಂಬಿದ್ದೆ.

ಉಳಿದದ್ದು ಪೆನಾಂಗ್. ಗೆಳತಿಗೆ ಮೊದಲಿನಿಂದಲೂ ಅದೇ ಆಗಬೇಕು. ಅಲ್ಲಿ ವೀಸಾದ ತಾಪತ್ರಯವಿತ್ತು. ತಿಂಗಳು ಮುಗಿಯುತ್ತಿದ್ದಂತೆ ಏನಾದರೊಂದು ಏರ್ಪಾಡು ಮಾಡಿಕೊಳ್ಳಬೇಕು. ಸೆಕೆ ಬೇರೆ. ನಾನು ನೋಟ್‌ಬುಕ್ಕಿನ ಕಾಲಂ ತೋರಿಸಿ "ನೋಡಿ ಅಕ್ಕಾ, ನಾವೇ ಹಾಕಿದ ಲೆಕ್ಕದಲ್ಲಿ ಇದು ಸೋಲ್ತಾ ಇದೆ" ಎಂದರೆ, "ಲೆಕ್ಕ ಬಿಡೇ, ಮನೆಗಳು ಚೆನ್ನಾಗಿವೆ" ಎನ್ನುತ್ತಿದ್ದರು. ಮೊಬೈಲಿನಲ್ಲಿ ಬಾಡಿಗೆ ಮನೆಗಳ ಫೋಟೋ ಒಂದಾದ ಮೇಲೊಂದು ನೂಕುತ್ತಾ ಹೋಗುತ್ತಿದ್ದರು. ಸಮುದ್ರ ಕಾಣುವ ಮನೆ ಬಂದರೂ ನಿಲ್ಲಿಸುತ್ತಿರಲಿಲ್ಲ. ಮಾರ್ಕೆಟ್ಟಿಗೆ ಹತ್ತಿರದ್ದು ಬಂದರೂ ಇಲ್ಲ. ಅಡುಗೆಮನೆಯ ಫೋಟೋದ ಮೇಲೆ ಮಾತ್ರ ಬೆರಳು ನಿಲ್ಲುತ್ತಿತ್ತು.

ಆ ನಡುವೆ ಒಂದು ದಿನ ಇಬ್ಬರೂ ಹಳೇಬೀಡಿಗೆ ಹೋದೆವು. ನನ್ನ ಚಿಕ್ಕಮ್ಮನ ಮಗ ಅಲ್ಲಿ ಗೈಡು. ತಿಂಗಳುಗಟ್ಟಲೆ ಬಂದಿರುವ ಹೊರದೇಶದವರನ್ನು ಕಂಡವನು, ಒಂದು ಊರಲ್ಲಿ ನೆಲೆ ನಿಲ್ಲುವುದರ ಕಷ್ಟ ಸುಖ ಬಲ್ಲವನು. ಅವನನ್ನು ನಾಲ್ಕು ಮಾತು ಕೇಳೋಣ ಎಂಬುದು ನನ್ನ ಆಸೆ. ಅವನ ಮನೆ ಮಾದಿಹಳ್ಳಿ ಕಡೆಯ ದಾರಿಯಲ್ಲಿ. ಚಿಕ್ಕಮ್ಮ ಬೆಳಿಗ್ಗೆಯಿಂದ ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟಿದ್ದಳು, ಹುಚ್ಚೆಳ್ಳು ಚಟ್ನಿ ಅರೆದಿದ್ದಳು.

ಗೈಡು ತಮ್ಮ ಬಹಳ ಉಪಯೋಗದ ಮಾತು ಹೇಳಿದ. "ಇಲ್ಲಿಂದ್ಲೇ ಮೂರು ತಿಂಗ್ಳಿಗೂ ಮನೆ ಹಿಡೀಬೇಡಿ ಅಕ್ಕ. ಮೊದ್ಲು ಒಂದು ವಾರ ಎಲ್ಲಾದ್ರೂ ಇದ್ದು, ಬೀದಿ ಬೀದಿ ನಡೆದು ನೋಡಿ. ಫೋಟೋದಾಗೆ ಮೋರಿ ಕಾಣಕ್ಕಿಲ್ಲ." ಗೆಳತಿ ನಕ್ಕು, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಚಿಕ್ಕಮ್ಮ ತಟ್ಟೆ ತಂದಿಟ್ಟಳು. ಗೆಳತಿ ಕೈ ಮುಗಿದರು. "ಅಯ್ಯೋ ಅಮ್ಮಾ, ಇವತ್ತು ಶನಿವಾರ. ಮಾಲೇಕಲ್ಲು ತಿಮ್ಮಪ್ಪನಿಗೆ ಹೇಳಿಕೊಂಡಿದೀನಿ, ಒಪ್ಪತ್ತು."

"ಒಂದು ರೊಟ್ಟಿನಾದ್ರೂ ತಿನ್ನವ್ವ. ದೂರದಿಂದ ಬಂದಿದೀಯ," ಎಂದಳು ಚಿಕ್ಕಮ್ಮ.

"ಬೇಡಮ್ಮ. ಎಳನೀರು ಇದ್ರೆ ಕೊಡಿ."

ಗೈಡು ತಮ್ಮ ಎಳನೀರು ಕೆತ್ತಿ ಕೊಟ್ಟ. ಕುಡಿದರು. ಲೋಟ ಬೇಡವೆಂದರು. ಬುರುಡೆ ಎತ್ತಿ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಚಿಕ್ಕಮ್ಮನ ಕೈ ಹಿಡಿದು ಬಹಳ ಪ್ರೀತಿಯಿಂದ ಮಾತಾಡಿದರು. ಚಿಕ್ಕಮ್ಮ ರೊಟ್ಟಿಯ ತಟ್ಟೆಯನ್ನು ಒಳಗೆ ತೆಗೆದುಕೊಂಡು ಹೋದಳು. ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ನಾವು ನನ್ನ ಒಡಹುಟ್ಟಿದ ತಮ್ಮನನ್ನು ಕಾಣಲು ಬೇಲೂರಿಗೆ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ಗೆಳತಿ "ತಲೆ ಸುತ್ತುತ್ತಾ ಇದೆ ಕಣೇ" ಎಂದು ಎದುರಿನ ಹೋಟೆಲಿಗೆ ನುಗ್ಗಿದರು. ಎರಡು ಇಡ್ಲಿ, ಒಂದು ವಡೆ, ಆಮೇಲೆ ಅರ್ಧ ಪ್ಲೇಟು ಚೌಚೌ ಬಾತು. "ದೇವರು ಕ್ಷಮಿಸ್ತಾನೆ" ಎಂದು ನಕ್ಕರು. ನಾನೂ ನಕ್ಕೆ. ನೆನೆದರೆ ಇಂದಿಗೂ ನನಗೆ ಹೆಚ್ಚು ಅಸಹ್ಯವಾಗುವುದು ನನ್ನ ಆ ನಗು. ಏಕೆಂದರೆ ನನಗೆ ಗೊತ್ತಾಗಿತ್ತು. ಹೊಟ್ಟೆಯೊಳಗೆಲ್ಲೋ ಗೊತ್ತಾಗಿತ್ತು, ತಲೆಗೆ ಹತ್ತದ ಹಾಗೆ ನಾನೇ ಒತ್ತಿ ಹಿಡಿದಿದ್ದೆ. ಪಾಪ, ಹಸಿವು, ಶುಗರ್ ಇರುವವರು, ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ಭಾನುವಾರ ಪೆನಾಂಗಿನ ಒಂದು ಮನೆಯ ಯಜಮಾನಿ ವಿಡಿಯೋ ಕಾಲ್ ಮಾಡಿ ಮನೆ ತೋರಿಸುವುದೆಂದು ನಿಗದಿಯಾಗಿತ್ತು. ಆಕೆ ತಮಿಳು ಮೂಲದ ಹೆಂಗಸು, ಅಲ್ಲೇ ಹುಟ್ಟಿ ಬೆಳೆದವಳು. ಗೆಳತಿಗೆ ಹರಕು ಮುರುಕು ತಮಿಳು ಬರುತ್ತಿತ್ತು, ನನಗೆ ಅರ್ಥವಾಗುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು ವರಾಂಡಕ್ಕೆ ಬಿದ್ದಿತ್ತು. ಫೋನನ್ನು ಒಂದು ಚೊಂಬಿಗೆ ಆನಿಸಿ ನಿಲ್ಲಿಸಿ ಇಬ್ಬರೂ ಅದರ ಮುಂದೆ ಕೂತೆವು.

ಆಕೆ ನಡುಮನೆ, ಎರಡು ಮಲಗುವ ಕೋಣೆ, ಬಾಲ್ಕನಿ ಎಲ್ಲವನ್ನೂ ತೋರಿಸಿದಳು. ಚೆಂದದ ಮನೆ. ಆಮೇಲೆ ಅಡುಗೆಮನೆಗೆ ಬಂದಳು. ಅಲ್ಲಿನ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎರಡಂತೆ. ಒಳಗಿನದು ಕಾಫಿ ಟೀಗೆ, ಸಣ್ಣಪುಟ್ಟ ಅಡುಗೆಗೆ. ಬಿಳಿ ಕಲ್ಲು ಹಾಸಿ ಲಕಲಕ ಹೊಳೆಯುತ್ತಿತ್ತು. ಹಿತ್ತಿಲ ಕಡೆ ಶೀಟು ಹೊದಿಸಿದ ಇನ್ನೊಂದು. ಮೀನು ತೊಳೆಯಲು, ಒಗ್ಗರಣೆ ಹಾಕಲು. ಅಲ್ಲಿ ಒಂದು ಗ್ಯಾಸ್ ಒಲೆ, ನಲ್ಲಿ, ನೀರು ಹರಿದು ಹೋಗಲು ನೆಲದಲ್ಲೊಂದು ತೂತು. ಪಕ್ಕದಲ್ಲಿ ಕಸದ ಡಬ್ಬ.

ಗೆಳತಿಯ ಮುಖ ಅರಳಿತು. ತಮಿಳಿನಲ್ಲಿ ಅಂದರು: "ಇದೇ ಬೇಕಿತ್ತು. ಒಳಗಿಂದು ನನಗೆ. ಹೊರಗಿಂದು ಇವರಿಗೆ."

ಯಜಮಾನಿಗೆ ಅರ್ಥವಾಗಲಿಲ್ಲ. "ನೀವಿಬ್ಬರೂ ಅಕ್ಕತಂಗಿ ಅಲ್ವಾ? ಅಡುಗೆ ಬೇರೆ ಬೇರೆ ಯಾಕೆ? ಅವರು ಮಾಂಸ ತಿಂತಾರಾ?"

"ಹಾಂ, ಹಾಗೇ ಅಂದ್ಕೊಳ್ಳಿ," ಎಂದರು ಗೆಳತಿ. "ಇವರ ಪದ್ಧತಿ ಬೇರೆ."

ನಾನು ಚೊಂಬಿಗೆ ಆನಿಸಿದ್ದ ಫೋನನ್ನು ತೆಗೆದು ಕಾಲ್ ಕಟ್ ಮಾಡಿದೆ.

"ಯಾಕೇ, ಪಾಪ ಆಕೆ ಮಾತಾಡ್ತಾ ಇದ್ರು..."

"ಮಾಂಸ ತಿನ್ನೋರು ನೀವು ಅಕ್ಕಾ. ನಾನಲ್ಲ."

ಒಳಗೆ ಕುಕ್ಕರು ಕೂಗಿತು. ಅವರು ಎದ್ದು ಹೋಗಿ ಒಲೆ ಆರಿಸಿ ಬಂದು ಕೂತರು.

"ಈ ಎರಡು ಅಡುಗೆಮನೆಗೋಸ್ಕರಾನಾ ಪೆನಾಂಗು?" ಎಂದು ಕೇಳಿದೆ.

"ನೀನು ಹಾಗೆ ನೋಡಬೇಡ ಕಣೇ. ನಿನಗೆ ಬೇಜಾರಾಗಬಾರದು ಅಂತಾನೇ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ. ನನ್ನ ಮನಸ್ಸಲ್ಲಿ ಏನೂ ಇಲ್ಲ, ಮಾಲೇಕಲ್ಲು ತಿಮ್ಮಪ್ಪನಾಣೆ. ಅಭ್ಯಾಸ ಅಷ್ಟೇ. ನಮ್ಮತ್ತೆ ಇದ್ದಾಗಿನಿಂದ ಬಂದದ್ದು. ಕೈ ಬಾಯಿಗೆ ಹೋಗಲ್ಲ, ಏನ್ ಮಾಡ್ಲಿ?"

"ಸ್ಟಾಫ್ ರೂಮಲ್ಲಿ ನನ್ನ ಡಬ್ಬಿಯಿಂದ ಒಂದು ತುತ್ತೂ ತಿನ್ನಲಿಲ್ಲ. ಒಂದಿನ ಗ್ಯಾಸ್ಟ್ರಿಕ್ಕು, ಒಂದಿನ ಹಲ್ಲುನೋವು, ಒಂದಿನ ಒಪ್ಪತ್ತು."

"ನನ್ನ ಡಬ್ಬಿಯಿಂದ ನಿನಗೆ ದಿನಾ ಹಾಕ್ತಿದ್ದೆ ಅಲ್ವಾ? ಅದು ಲೆಕ್ಕಕ್ಕಿಲ್ವಾ?"

ಅದನ್ನು ಅವರು ನಿಜವಾದ ನೋವಿನಿಂದ ಕೇಳಿದರು. ಕಣ್ಣಲ್ಲಿ ನೀರಿತ್ತು. ನನಗೆ ಆ ನೀರು ನೋಡಿಯೇ ಹೇಸಿಗೆಯಾಯಿತು. ಕೊನೆಗೆ ಕೇಳಿದೆ: "ಆವತ್ತು ಪೆನಾಂಗಲ್ಲಿ ಕೋಳಿ ಅನ್ನ ತಿಂದ್ರಲ್ಲ, ಎರಡು ತಟ್ಟೆ. ಬೇಯಿಸಿದವನು ಯಾವ ಜಾತಿಯವನು ಅಂತ ಕೇಳಿದ್ರಾ?"

ಅವರು ನನ್ನನ್ನು ದಡ್ಡ ಹುಡುಗಿಯನ್ನು ನೋಡುವ ಹಾಗೆ ನೋಡಿದರು. "ಅವರು ಬೇರೆ ದೇಶದವರು ಕಣೇ. ಅವರಿಗೆಲ್ಲಿ ಜಾತಿ?"

ನಾನು ಚಪ್ಪಲಿ ಮೆಟ್ಟಿಕೊಂಡೆ. ಅವರು ಗೇಟಿನವರೆಗೂ ಬಂದರು. "ಊಟ ಮಾಡ್ಕೊಂಡು ಹೋಗು, ಸಾರು ಆಗಿದೆ" ಎಂದರು. ಅದನ್ನೂ ಮನಸಾರೆ ಅಂದರು. ಜಗತ್ತಿನಲ್ಲಿ ಕೆಟ್ಟವರು ಕೆಟ್ಟವರ ಹಾಗೇ ಮಾತಾಡಿದ್ದರೆ ಬದುಕು ಎಷ್ಟು ಸಲೀಸಾಗಿರುತ್ತಿತ್ತು.

ಮನೆಗೆ ನಡೆದೇ ಹೋದೆ. ದಾರಿಯುದ್ದಕ್ಕೂ ಕೊಬ್ಬರಿ ಒಣಹಾಕಿದ್ದರು. ಎಲ್ಲೋ ಒಂದು ರಾಶಿ ಮುಗ್ಗಿತ್ತು. ಆ ಎಣ್ಣೆ ಕಮಟು ಇಷ್ಟು ವರ್ಷ ಉಸಿರಾಡಿದ್ದೇ. ಅಂದು ಗಂಟಲಲ್ಲಿ ಸಿಕ್ಕಿಕೊಂಡಿತು. ಮನೆಗೆ ಬಂದು ಬಾಯಿ ಮುಕ್ಕಳಿಸಿದೆ. ಮತ್ತೆ ಮುಕ್ಕಳಿಸಿದೆ. ಯಾವುದನ್ನು ತೊಳೆಯುತ್ತಿದ್ದೇನೆ ಎಂದು ಗೊತ್ತಾದಾಗ ನಲ್ಲಿಯ ಮುಂದೆ ಹಾಗೇ ನಿಂತುಬಿಟ್ಟೆ. ಇಪ್ಪತ್ತೆರಡು ವರ್ಷ ಅವರು ಹಾಕಿದ್ದನ್ನೆಲ್ಲ ನಾನು ಉಂಡಿದ್ದೆ. ಚಿತ್ರಾನ್ನ, ಹೋಳಿಗೆ, ಅವರೆಕಾಳಿನ ಉಪ್ಪಿಟ್ಟು. ಪ್ರತಿ ಸಲವೂ ಡಬ್ಬಿಯ ಮುಚ್ಚಳದಲ್ಲಿ, ಮೇಲಿನಿಂದ, ಚಮಚ ತಾಗದ ಹಾಗೆ. ಆ ಎತ್ತರವನ್ನು ನಾನು ನೋಡಿದ್ದೆ. ನೋಡಿಯೂ ರುಚಿಯಾಗಿದೆ ಎಂದಿದ್ದೆ. ಮಕ್ಕಳಿಗೆ ಸಂವಿಧಾನದ ಪೀಠಿಕೆ ಕಂಠಪಾಠ ಮಾಡಿಸಿ, ಬೆಲ್ಲು ಹೊಡೆದ ಮೇಲೆ ಬಂದು ಆ ಮುಚ್ಚಳಕ್ಕೆ ಕೈ ಒಡ್ಡುತ್ತಿದ್ದೆ. ಅವರ ಮೇಲೆ ಹುಟ್ಟಿದ ಹೇಸಿಗೆ ದಿನ ಕಳೆದಂತೆ ಸ್ವಲ್ಪ ತಣ್ಣಗಾಯಿತು. ನನ್ನ ಮೇಲೆ ಹುಟ್ಟಿದ್ದು ಆಗಲಿಲ್ಲ.

ಬೇಲೂರಿನ ತಮ್ಮನಿಗೆ ಎಲ್ಲ ಹೇಳಿದೆ. ಅವನು ಕೆಂಡವಾಗುತ್ತಾನೆ ಎಂದುಕೊಂಡಿದ್ದೆ. ಆಗಲಿಲ್ಲ. "ನಿಂಗೆ ಈಗ ಗೊತ್ತಾಯ್ತಾ ಅಕ್ಕ?" ಎಂದ. "ಆವತ್ತು ನಮ್ಮನೇಗೆ ಬಂದಾಗ್ಲೂ ಕಾಫಿ ಮುಟ್ಟಲಿಲ್ಲ. ನಿನ್ನ ಮುಖ ನೋಡಿ ಸುಮ್ನಿದ್ದೆ." ಅಂದರೆ ಸುತ್ತಲಿನವರೆಲ್ಲರಿಗೂ ಗೊತ್ತಿತ್ತು. ನನ್ನ ಸ್ನೇಹವನ್ನು ಕಾಪಾಡಲು ಎಷ್ಟೋ ಜನ ತಟ್ಟೆ, ಲೋಟ ಸದ್ದಿಲ್ಲದೆ ಒಳಗೆ ತೆಗೆದುಕೊಂಡು ಹೋಗಿದ್ದರು.

"ಇನ್ನೇನು, ಹೋಗಲ್ವಾ?" ಎಂದು ತಮ್ಮ ಕೇಳಿದ.

"ಹೋಗ್ತೀನಿ."

"ಯಾವ ಊರು?"

ಆ ಪ್ರಶ್ನೆಗೆ ಉತ್ತರ ಕೊಡುವುದು ಅಷ್ಟು ಸುಲಭ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. "ದಾನಾಂಗ್" ಎಂದೆ. ಗೆರೆ ಹಾಕಿದ ಕಾಲಂ ಇಲ್ಲ, ನೋಟ್‌ಬುಕ್ಕು ಇಲ್ಲ. ಮೂರು ತಿಂಗಳ ವೀಸಾ ಮೊಬೈಲಿನಲ್ಲೇ ಆಯಿತು, ತಮ್ಮನ ಮಗಳು ಮಾಡಿಕೊಟ್ಟಳು. ಗೈಡು ತಮ್ಮ ಹೇಳಿದ್ದ ಹಾಗೆ ಮೊದಲ ವಾರಕ್ಕೆ ಮಾತ್ರ ಒಂದು ರೂಮು ಹಿಡಿದೆ.

ಗೆಳತಿಯಿಂದ ಮೆಸೇಜುಗಳು ಬರುತ್ತಿದ್ದವು. ಮೊದಲು ಕೈ ಮುಗಿದ ಚಿತ್ರ. ಆಮೇಲೆ "ಕೋಪ ಬಿಡು." ಆಮೇಲೆ ಸ್ನೇಹದ ಮೇಲಿನ ಸುಭಾಷಿತ, ಸೂರ್ಯೋದಯದ ಹಿನ್ನೆಲೆಯಲ್ಲಿ. ಒಂದು ದಿನ ಬ್ಯಾಂಕಿನಲ್ಲಿ ಎದುರೇ ಸಿಕ್ಕರು. "ಒಂದೇ ಅಡುಗೆಮನೆ ಇರೋ ಮನೆ ನೋಡಿದೀನಿ ಕಣೇ. ನಾನು ಅಡ್ಜಸ್ಟ್ ಮಾಡ್ಕೋತೀನಿ" ಎಂದರು. ಎಷ್ಟು ದೊಡ್ಡ ತ್ಯಾಗ ಮಾಡುತ್ತಿದ್ದೇನೆ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ನಾನು ಅವರ ಜೊತೆ ಇರುವುದಕ್ಕೆ ಅವರು ಅಡ್ಜಸ್ಟ್ ಮಾಡಿಕೊಳ್ಳಬೇಕು! "ನನಗೆ ಆಗಲ್ಲ ಅಕ್ಕಾ" ಎಂದೆ. ಅವರಿಗೆ ಅದು ಅಹಂಕಾರವಾಗಿ ಕಂಡಿತು. ಹಾಗಂತ ಹಳೆಯ ಸಹೋದ್ಯೋಗಿಗಳ ಹತ್ತಿರ ಹೇಳಿದರಂತೆ. ಹೇಳಲಿ. ಪೆನಾಂಗಿಗೆ ಅವರು ಹೋಗಲಿಲ್ಲ. ಜೊತೆ ಸಿಗಲಿಲ್ಲ ಎಂದು ಕೇಳಿದೆ. ಸುಳ್ಳೇಕೆ, ಅದನ್ನು ಕೇಳಿ ನನಗೆ ಸಂತೋಷವಾಯಿತು. ಆಮೇಲೆ ಆ ಸಂತೋಷದ ಮೇಲೂ ಹೇಸಿಗೆಯಾಯಿತು.

ಚಳಿ ಮುಗಿಯುವ ಹೊತ್ತಿಗೆ ದಾನಾಂಗಿಗೆ ಹೋದೆ. ಅದೇನೂ ಸ್ವರ್ಗವಲ್ಲ. ಸ್ಕೂಟರುಗಳ ಹೊಗೆ, ಎಲ್ಲಿ ನೋಡಿದರೂ ಮನೆ ಕಟ್ಟುವ ಗದ್ದಲ, ಸಂತೆಯ ಬೀದಿಯಲ್ಲಿ ಹುದುಗಿಸಿದ ಮೀನಿನ ರಸದ ಘಾಟು. ಮೊದಲ ವಾರ ಸಂತೆಯಲ್ಲಿ ನಾನೂ ಸೆರಗಿಗೆ ಕೈ ಹಾಕಿ, ತಡೆದುಕೊಂಡೆ. ಬಾಯಲ್ಲಿ ಉಸಿರಾಡುತ್ತಾ ಸೊಪ್ಪು ತಂದೆ. ಎಂಟನೆಯ ದಿನಕ್ಕೆ ವಿಧವೆಯೊಬ್ಬಳ ಮನೆಯಲ್ಲಿ ಮಹಡಿಯ ಕೋಣೆ ಸಿಕ್ಕಿತು. ಒಂದೇ ಅಡುಗೆಮನೆ, ಕೆಳಗೆ, ಅವಳದೇ. ಬೆಳಿಗ್ಗೆ ಅವಳು ಬೇಯಿಸಿದ ಮೇಲೆ ನಾನು.

ವಸ್ತುಸಂಗ್ರಹಾಲಯ ನಡೆದು ಹೋಗುವಷ್ಟು ದೂರ. ಮೊದಲ ದಿನ ಒಂದು ಮರಳುಗಲ್ಲಿನ ಶಿವನ ಮುಂದೆ ನಿಂತೆ. ಕಲ್ಲು ಹಳೇಬೀಡಿನದರಷ್ಟು ನಯವಲ್ಲ, ಕುಸುರಿಯೂ ಅಷ್ಟಿಲ್ಲ. ಮೂಗು ಸವೆದು ಹೋಗಿದೆ. ಅಂಗಳದಲ್ಲಿ ಒಬ್ಬ ಹೆಂಗಸು ಹುಲ್ಲಿಗೆ ನೀರು ಬಿಡುತ್ತಿದ್ದಳು. ಶಿವನನ್ನು ಬಿಟ್ಟು ಅವಳನ್ನೇ ಬಹಳ ಹೊತ್ತು ನೋಡಿದೆ.

ಹದಿನೈದು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟೆ. ಮನೆಯೊಡತಿ ಎಲ್ಲಿದ್ದಳೋ, ಓಡಿ ಬಂದಳು. ಎರಡೂ ಕೈಯಲ್ಲಿ ಮೂಗು ಹಿಡಿದು, ಕಿಟಕಿಗಳನ್ನೆಲ್ಲ ದಡದಡ ತೆರೆದಳು. ಗ್ಯಾಸು ಸೋರುತ್ತಿದೆ ಎಂದುಕೊಂಡು ಸಿಲಿಂಡರು ಬೇರೆ ಬಂದ್ ಮಾಡಿದಳು. ನಾನು ಇಂಗಿನ ಡಬ್ಬಿ ತೋರಿಸಿದೆ. ಮೂಸಿ ನೋಡಿ, ಸತ್ತು ಬೀಳುವವಳ ಹಾಗೆ ಗೋಡೆಗೆ ಒರಗಿದಳು. ಆಮೇಲೆ ಫೋನು ತೆಗೆದು ಅದರೊಳಗೆ ಏನೋ ಹೇಳಿದಳು. ಫೋನು ಇಂಗ್ಲಿಷಿನಲ್ಲಿ ನನಗೆ ತಿಳಿಸಿದ್ದು: "ಇದು ಬಹಳ ನಾರುತ್ತದೆ. ನನ್ನ ಮನೆಯಲ್ಲಿ ಬೇಡ."

ಅಷ್ಟೇ. ನನ್ನ ಮುಖಕ್ಕೇ ಹೇಳಿದಳು. ಒಪ್ಪತ್ತು, ಹಲ್ಲುನೋವು ಯಾವುದೂ ಇಲ್ಲ. ನಾರಿದ್ದು ಇಂಗು. ನಾನು "ಸರಿ" ಎಂದು ತಲೆಯಾಡಿಸಿ, ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಹಾಕಿದೆ. ಅವಳು ಸೌಟು ಎತ್ತಿಕೊಂಡು, ಮೂಗು ಸಿಂಡರಿಸಿಕೊಂಡೇ ನನ್ನ ಸಾರನ್ನು ಒಂದು ಗುಟುಕು ಕುಡಿದು ನೋಡಿದಳು. "ಉಪ್ಪು ಕಮ್ಮಿ" ಎಂದಿತು ಫೋನು.

ಉಳಿದ ದಿನಗಳೆಲ್ಲ ಇಂಗಿಲ್ಲದ ಸಾರು ಉಂಡೆ. ಚೆನ್ನಾಗಿರಲಿಲ್ಲ.